ರಸ್ಟ್‌ನಲ್ಲಿ ಬರೆದದ್ದು ಎಂದರೆ ಸಾಕೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ: ರಸ್ಟ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶಗಳನ್ನು ಸಿ ಭಾಷೆಯ ಹಳೆಯ ತಂತ್ರಾಂಶಗಳ ಜೊತೆಗೆ, ಅಥವಾ ಅವುಗಳನ್ನೇ ಒಂದರ ಜೊತೆ ಇನ್ನೊಂದನ್ನು, ಹೋಲಿಸುವುದು ಹೇಗೆ? ರಸ್ಟ್ 2006ರಲ್ಲಿ ಗ್ರೇಡನ್ ಹೋರ್ ಅವರ ಸ್ವಂತ ಆಸಕ್ತಿಯ ಕೆಲಸವಾಗಿ ಶುರುವಾಗಿ, ಮೊಝಿಲ್ಲಾ ಸಂಸ್ಥೆಯ ಆಸರೆಯಲ್ಲಿ ಬೆಳೆದು, 2015ರ ಮೇ 15ರಂದು 1.0 ಆವೃತ್ತಿಯನ್ನು ಕಂಡ ಭಾಷೆ. ಸಿ ಭಾಷೆಯಷ್ಟೇ ಯಂತ್ರಕ್ಕೆ ಹತ್ತಿರವಾಗಿದ್ದುಕೊಂಡು, ಮೆಮೊರಿಯನ್ನು ತಪ್ಪಾಗಿ ಬಳಸುವ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ, ಅಂದರೆ ಕಂಪೈಲ್ ಮಾಡುವ ಹಂತದಲ್ಲೇ ತಡೆಯುವುದು ಅದರ ಮುಖ್ಯ ಗುಣ. ಪತ್ರಗಳಲ್ಲಿ ಆರನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಅಂತಿಮ ವರ್ಷದ ಪ್ರಾಜೆಕ್ಟಿಗೆ, ಫೈಲುಗಳಲ್ಲಿ ಪದ ಹುಡುಕುವ ಎರಡು ಸಾಧನಗಳಾದ ಸಿ ಭಾಷೆಯ ಗ್ರೆಪ್ (ಗ್ನು ಯೋಜನೆಯದು) ಮತ್ತು ರಸ್ಟ್‌ನ ರಿಪ್‌ಗ್ರೆಪ್‌ಗಳ ಹೋಲಿಕೆಯನ್ನು ಆರಿಸಿಕೊಂಡಿದ್ದೇವೆ. ಗಿಟ್‌ನಿಂದ ಇಳಿಸಿಕೊಂಡ ಲಿನಕ್ಸ್ ಕರ್ನಲ್‌ನ ಫೋಲ್ಡರಿನಲ್ಲಿ ಒಂದು ಪದವನ್ನು ಹುಡುಕಿದಾಗ ರಿಪ್‌ಗ್ರೆಪ್ ಹತ್ತು ಪಟ್ಟಿಗೂ ಹೆಚ್ಚು ಬೇಗ ಮುಗಿಸಿತು. ರಸ್ಟ್ ಭಾಷೆಯು ಸಿ ಭಾಷೆಗಿಂತ ಅಷ್ಟು ವೇಗವಾದದ್ದು ಎಂದು ವರದಿಯಲ್ಲಿ ಬರೆಯಬಹುದೇ? – ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ನೀವು ಅಳೆದದ್ದು ಎರಡು ಭಾಷೆಗಳ ವೇಗವನ್ನಲ್ಲ, ಎರಡು ಬೇರೆ ಬೇರೆ ಕೆಲಸಗಳ ಅವಧಿಯನ್ನು. ಒಬ್ಬ ಬೆಳೆಗಾರರು ಕಾಫಿಯನ್ನು ಚೆರ್ರಿಯಾಗಿ ತೂಗಿ, ಪಕ್ಕದ ತೋಟದವರು ಪಾರ್ಚ್‌ಮೆಂಟ್ ಮಾಡಿ ಒಣಗಿಸಿದ ಮೇಲೆ ತೂಗಿ, ಇಬ್ಬರ ಇಳುವರಿಯನ್ನು ಹೋಲಿಸಿದರೆ ಆಗುವ ತಪ್ಪೇ ಇಲ್ಲಿಯೂ ಆಗಿದೆ.

ರಿಪ್‌ಗ್ರೆಪ್ ಯಾವ ಆಯ್ಕೆಯನ್ನೂ ಕೊಡದೆ ಓಡಿಸಿದಾಗ ಮೂರು ಬಗೆಯ ಫೈಲುಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ: ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಫೈಲುಗಳನ್ನು ಹೆಸರಿಸುವ ಗಿಟ್‌ಇಗ್ನೋರ್ ಪಟ್ಟಿಯಲ್ಲಿರುವವು, ಹೆಸರು ಚುಕ್ಕೆಯಿಂದ ಆರಂಭವಾಗುವ ಮರೆಯ ಫೈಲುಗಳು, ಮತ್ತು ಬೈನರಿ ಫೈಲುಗಳು. ಗ್ರೆಪ್‌ಗೆ ಫೋಲ್ಡರಿನ ಒಳಗೆಲ್ಲ ಹುಡುಕು ಎಂದರೆ ಅದು ಇವೆಲ್ಲವನ್ನೂ ಓದುತ್ತದೆ. ಕರ್ನಲ್‌ನ ಫೋಲ್ಡರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಅಲ್ಲಿರುವ ಮರೆಯ ಗಿಟ್ ಫೋಲ್ಡರಿನಲ್ಲಿ ಅಷ್ಟು ವರ್ಷಗಳ ಬದಲಾವಣೆಗಳ ಇತಿಹಾಸವೆಲ್ಲ ಒತ್ತಿ ತುಂಬಿರುತ್ತದೆ, ಅದರ ಗಾತ್ರ ಮೂಲ ಕೋಡ್‌ಗಿಂತ ದೊಡ್ಡದು. ನೀವು ಕರ್ನಲನ್ನು ಒಮ್ಮೆ ಕಂಪೈಲ್ ಮಾಡಿದ್ದರೆ ಅದರಿಂದ ಹುಟ್ಟಿದ ಸಾವಿರಾರು ಆಬ್ಜೆಕ್ಟ್ ಫೈಲುಗಳೂ ಸೇರಿಕೊಂಡಿರುತ್ತವೆ. ಗ್ರೆಪ್ ಇವನ್ನೆಲ್ಲ ಸೋಸುತ್ತಿರುವಾಗ ರಿಪ್‌ಗ್ರೆಪ್ ಅವುಗಳ ಬಾಗಿಲನ್ನೂ ತಟ್ಟಿರುವುದಿಲ್ಲ. ರಿಪ್‌ಗ್ರೆಪ್‌ಗೆ ಚಿಕ್ಕ ಯು ಅಕ್ಷರದ ಆಯ್ಕೆಯನ್ನು ಮೂರು ಸಲ ಸೇರಿಸಿ ಕೊಟ್ಟರೆ ಈ ಮೂರು ಶೋಧಕಗಳೂ ಕಳಚಿಕೊಳ್ಳುತ್ತವೆ. ಆಗ ಮಾತ್ರ ಇಬ್ಬರಿಗೂ ಒಂದೇ ಕೆಲಸ ಕೊಟ್ಟಂತಾಗುತ್ತದೆ.

ಅಷ್ಟಾದ ಮೇಲೂ ಅಂತರ ಉಳಿಯಬಹುದು, ಏಕೆಂದರೆ ರಿಪ್‌ಗ್ರೆಪ್ ಪ್ರೊಸೆಸರಿನ ಎಲ್ಲ ಕೋರ್‌ಗಳಿಗೂ ಕೆಲಸ ಹಂಚುತ್ತದೆ, ಗ್ನು ಗ್ರೆಪ್ ಒಂದರಲ್ಲೇ ನಡೆಯುತ್ತದೆ. ಜೆ ಆಯ್ಕೆಯ ಮುಂದೆ ಒಂದು ಎಂದು ಕೊಟ್ಟು ರಿಪ್‌ಗ್ರೆಪ್ಪನ್ನೂ ಒಂದೇ ಎಳೆಗೆ (ಥ್ರೆಡ್‌ಗೆ) ಕಟ್ಟಿಹಾಕಿ ಮತ್ತೊಮ್ಮೆ ಅಳೆಯಿರಿ. ಈಗ ಕಾಣುವ ಅಂತರ ಹುಡುಕುವ ವಿಧಾನಕ್ಕೆ ಸಂಬಂಧಿಸಿದ್ದು. ಗ್ನು ಗ್ರೆಪ್ ಸಾದಾ ಪದಗಳನ್ನು ಹುಡುಕುವುದರಲ್ಲಿ ದಶಕಗಳಿಂದ ಸಾಣೆಗೊಂಡ ಪ್ರೋಗ್ರಾಂ ಆದ್ದರಿಂದ, ಇಂಥ ಹುಡುಕಾಟದಲ್ಲಿ ಅದು ಬಹಳ ಹಿಂದೆ ಬೀಳುತ್ತದೆ ಎಂದು ನಿರೀಕ್ಷಿಸಬೇಡಿ.

ಅಳತೆಯಲ್ಲಿ ಇನ್ನೆರಡು ಬಲೆಗಳಿವೆ. ಮೊದಲ ಸಲ ಓಡಿಸಿದಾಗ ಫೈಲುಗಳು ಡಿಸ್ಕಿನಿಂದ ಬರುತ್ತವೆ, ಎರಡನೆಯ ಸಲ ಆಪರೇಟಿಂಗ್ ಸಿಸ್ಟಂ ಅವನ್ನು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಗ್ರೆಪ್ಪನ್ನು ಮೊದಲು, ರಿಪ್‌ಗ್ರೆಪ್ಪನ್ನು ಆಮೇಲೆ ಓಡಿಸಿದ್ದರೆ ಎರಡನೆಯದಕ್ಕೆ ಪುಕ್ಕಟೆ ಲಾಭ ಸಿಕ್ಕಿರುತ್ತದೆ. ಹೈಪರ್‌ಫೈನ್ ಎಂಬ ಅಳತೆಯ ಸಾಧನದಲ್ಲಿ (ಇದೂ ರಸ್ಟ್‌ನದೇ) ಅಳೆಯುವುದಕ್ಕೆ ಮುಂಚೆ ಕೆಲವು ಸಲ ಸುಮ್ಮನೆ ಓಡಿಸಿ ಇಬ್ಬರನ್ನೂ ಒಂದೇ ಸ್ಥಿತಿಗೆ ತರುವ ಸೌಲಭ್ಯವಿದೆ. ಆದರೆ ಎರಡನೆಯ ಬಲೆ ಇರುವುದೂ ಅಲ್ಲಿಯೇ. ಹೈಪರ್‌ಫೈನ್ ತಾನು ಓಡಿಸುವ ಪ್ರೋಗ್ರಾಂನ ಫಲಿತಾಂಶವನ್ನು, ಬಂದದ್ದನ್ನೆಲ್ಲ ಎಸೆದುಬಿಡುವ ನಲ್ ಸಾಧನಕ್ಕೆ ಸುರಿಯುತ್ತದೆ. ಗ್ನು ಗ್ರೆಪ್ ತನ್ನ ಔಟ್‌ಪುಟ್ ಅಲ್ಲಿಗೆ ಹೋಗುತ್ತಿದೆ ಎಂದು ಗುರುತಿಸಿದರೆ, ಯಾರೂ ಓದದ ಸಾಲುಗಳನ್ನು ಹುಡುಕುವುದೇಕೆ ಎಂದು ಮೊದಲ ಸಾಲು ಸಿಕ್ಕ ಕೂಡಲೇ ಕೆಲಸ ನಿಲ್ಲಿಸುತ್ತದೆ. ಆಗ ಗ್ರೆಪ್ ಅಸಾಧ್ಯವೆನಿಸುವಷ್ಟು ವೇಗವಾಗಿ ಕಾಣುತ್ತದೆ! ಔಟ್‌ಪುಟ್ಟನ್ನು ಪೈಪ್‌ಗೆ ಕಳಿಸುವಂತೆ ಹೈಪರ್‌ಫೈನ್‌ಗೆ ಸೂಚಿಸಿದರೆ ಈ ತೊಂದರೆ ಇರುವುದಿಲ್ಲ.

ಹಾಗಾದರೆ ರಸ್ಟ್‌ನ ಪಾಲು ಏನೂ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಆದರೆ ಅದು ನೇರವಾದ ವೇಗವಲ್ಲ. ಫೈಲುಗಳನ್ನು ಹಲವು ಕೋರ್‌ಗಳಿಗೆ ಹಂಚಿ ಹುಡುಕುವುದು, ಗಿಟ್‌ಇಗ್ನೋರ್‌ಗೆ ಮರ್ಯಾದೆ ಕೊಡುವುದು – ಇವೆರಡನ್ನೂ ರಿಪ್‌ಗ್ರೆಪ್ 2016ರಲ್ಲಿ ಬರುವ ಮುಂಚೆಯೇ ಸಿಲ್ವರ್ ಸರ್ಚರ್ ಎಂಬ ಸಿ ಭಾಷೆಯ ಪ್ರೋಗ್ರಾಂ ಮಾಡುತ್ತಿತ್ತು. ಎರಡು ಎಳೆಗಳು ಒಂದೇ ಮೆಮೊರಿಯನ್ನು ಒಟ್ಟಿಗೆ ತಿದ್ದಿ ಕೆಡಿಸುವ ಡೇಟಾ ರೇಸ್ ಎಂಬ ದೋಷವನ್ನು ರಸ್ಟ್ ಕಂಪೈಲರ್ ಹಿಡಿದುಕೊಡುವುದರಿಂದ, ಇಂಥ ಹಂಚಿಕೆಯನ್ನು ಧೈರ್ಯವಾಗಿ ಬರೆಯಬಹುದು ಎಂಬುದು ನಿಜವಾದ ಅನುಕೂಲ. ರಿಪ್‌ಗ್ರೆಪ್‌ನ ಕರ್ತೃ ಆಂಡ್ರ್ಯೂ ಗ್ಯಾಲಂಟ್ ತಮ್ಮ ಹುಡುಕಾಟದ ಯಂತ್ರವನ್ನು ಬಿಡಿ ಲೈಬ್ರರಿಗಳಾಗಿ ಹೊರತಂದಿದ್ದಾರೆ, ಬೇರೆ ಎಷ್ಟೋ ಯೋಜನೆಗಳು ಅವನ್ನು ಬಳಸುತ್ತಿವೆ. ಹುಡುಕಲು ಯಾವ ವಿನ್ಯಾಸ (ಪ್ಯಾಟರ್ನ್) ಕೊಟ್ಟರೂ ಆ ಯಂತ್ರ ಪಠ್ಯದ ಉದ್ದಕ್ಕೆ ತಕ್ಕಷ್ಟೇ ಸಮಯ ತೆಗೆದುಕೊಳ್ಳುತ್ತದೆ, ಘಾತೀಯವಾಗಿ ಹಿಗ್ಗುವುದಿಲ್ಲ. ಇದಕ್ಕೆ ಬೆಲೆಯಾಗಿ, ಹಿಂದೆ ಸಿಕ್ಕ ಭಾಗವನ್ನೇ ಮತ್ತೆ ಹುಡುಕುವ ಬ್ಯಾಕ್‌ರೆಫರೆನ್ಸ್ ಅದರಲ್ಲಿಲ್ಲ. ಬೇಕಾದವರು ಪಿಸಿಆರ್‌ಇ2 ಎಂಬ ಸಿ ಲೈಬ್ರರಿಯನ್ನು ರಿಪ್‌ಗ್ರೆಪ್ ಮೂಲಕವೇ ಕರೆಯಬೇಕು. ನಿಮ್ಮ ವರದಿಯಲ್ಲಿ ಒಂದೊಂದು ಅನುಕೂಲವನ್ನು ಕಳಚುತ್ತಾ ಹೋದ ಹಾಗೆ ಅಂತರ ಎಷ್ಟೆಷ್ಟು ಕುಗ್ಗಿತು ಎಂಬ ಕೋಷ್ಟಕವನ್ನು ಕೊಡಿ. ಅದು ನಿಮ್ಮ ಮೊದಲ ಒಂದು ಸಂಖ್ಯೆಗಿಂತ ಎಷ್ಟೋ ಬೆಲೆಬಾಳುವ ಕೆಲಸವಾಗುತ್ತದೆ.

ಪ್ರಶ್ನೆ: ನಾನು ಕನ್ನಡ ಎಂ.ಎ. ಮುಗಿಸಿ ಜಿಲ್ಲೆಯ ಜನಪದ ಕಥೆಗಳನ್ನು ಟೈಪ್ ಮಾಡಿ ಸಂಗ್ರಹಿಸುತ್ತಿದ್ದೇನೆ. ಹಳೆಯ ಫೈಲುಗಳೂ ಇವೆ, ಹೊಸವೂ ಇವೆ. ಕಣ್ಣಿಗೆ ಕಾಣುವ ಪದವೇ ಹುಡುಕಿದಾಗ ಸಿಗುವುದಿಲ್ಲ. ರಸ್ಟ್‌ನ ಹೊಸ ಸಾಧನಗಳು ಕನ್ನಡಕ್ಕೆ ಹಳೆಯವಕ್ಕಿಂತ ಮೇಲೇ? – ಒಬ್ಬ ಸಂಶೋಧಕರು, ಚಿಕ್ಕಮಗಳೂರು

ಉತ್ತರ: ನಿಮ್ಮ ಪ್ರಶ್ನೆ ನನಗೆ ಬಹಳ ಮುಖ್ಯವಾಗಿ ಕಂಡಿತು. ತಂತ್ರಾಂಶಗಳ ಹೋಲಿಕೆಗಳೆಲ್ಲ ಇಂಗ್ಲಿಷ್ ಪಠ್ಯದ ಮೇಲೆಯೇ ನಡೆಯುತ್ತವೆ, ನಮ್ಮ ಲಿಪಿಯನ್ನು ಎದುರಿಗಿಟ್ಟುಕೊಂಡು ಅಳೆಯಬೇಕಾದವರು ನಾವೇ.

ಕೆಲವು ವಿಷಯಗಳಲ್ಲಿ ರಿಪ್‌ಗ್ರೆಪ್ ನಿಜಕ್ಕೂ ಮುಂದಿದೆ. ಹಿಂದೆ ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಯೂನಿಕೋಡ್ ಎಂದು ಆರಿಸಿ ಉಳಿಸಿದ ಫೈಲುಗಳು ಯುಟಿಎಫ್-16 ರೂಪದಲ್ಲಿರುತ್ತವೆ. ಗ್ರೆಪ್‌ಗೆ ಅವು ಅರ್ಥವಾಗದ ಬೈಟುಗಳು. ರಿಪ್‌ಗ್ರೆಪ್ ಫೈಲಿನ ಆರಂಭದ ಗುರುತನ್ನು ನೋಡಿ, ತಾನೇ ಯುಟಿಎಫ್-8ಕ್ಕೆ ತಿರುಗಿಸಿಕೊಂಡು ಹುಡುಕುತ್ತದೆ. ಅಂಕಿಯನ್ನು ಹುಡುಕು ಎಂದರೆ 1, 2, 3ರ ಜೊತೆಗೆ ೧, ೨, ೩ ಅನ್ನೂ ಅದು ಅಂಕಿಗಳೆಂದೇ ಗುರುತಿಸುತ್ತದೆ. ಪದವನ್ನು ಹುಡುಕು ಎಂದರೆ ಗುಣಿತದ ಚಿಹ್ನೆಗಳಲ್ಲಿ ಪದ ತುಂಡಾಗುವುದಿಲ್ಲ. ಗ್ರೆಪ್ ಯಾವ ಭಾಷಾ ಸಂದರ್ಭದಲ್ಲಿ, ಅಂದರೆ ಯಾವ ಲೊಕೇಲ್‌ನಲ್ಲಿ, ಓಡುತ್ತಿದೆ ಎಂಬುದರ ಮೇಲೆ ಅದರ ನಡವಳಿಕೆ ಬದಲಾಗುತ್ತದೆ. ಲೊಕೇಲನ್ನು ಸಿ ಎಂದು ಇಟ್ಟಿದ್ದರೆ ಒಂದು ಕನ್ನಡ ಅಕ್ಷರ ಅದಕ್ಕೆ ಹಲವು ಬಿಡಿ ಬೈಟುಗಳಾಗಿ ಕಾಣುತ್ತದೆ.

ಆದರೆ ನಿಮ್ಮ ಸಮಸ್ಯೆಯ ಮೂಲ ಇಲ್ಲಿಲ್ಲ. ಬೇಲೂರು ಎಂಬ ಪದವನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಬ, ಏತ್ವ, ಲ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ ಎಂದು ಆರು ಸಂಕೇತಗಳು, ಒಂದೊಂದಕ್ಕೆ ಮೂರರಂತೆ ಯುಟಿಎಫ್-8ರಲ್ಲಿ 18 ಬೈಟುಗಳು. ಈ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವದ ಚಿಹ್ನೆಯ ಮುಂದೆ ದೀರ್ಘದ ಚಿಹ್ನೆಯನ್ನಿಟ್ಟು ಎರಡಾಗಿಯೂ ಬರೆಯಬಹುದು. ಈತ್ವ, ಐತ್ವ, ಒತ್ವ, ಓತ್ವಗಳದ್ದೂ ಇದೇ ಕಥೆ. ಹಳೆಯ ಅಕ್ಷರಶೈಲಿಗಳಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಫೈಲುಗಳಲ್ಲಿ ಈ ಎರಡನೆಯ ರೂಪ ಬಂದಿರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕುವ ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಗ್ರೆಪ್ ಆಗಲಿ ರಿಪ್‌ಗ್ರೆಪ್ ಆಗಲಿ ಇವೆರಡನ್ನೂ ಒಂದೆಂದು ಭಾವಿಸುವುದಿಲ್ಲ. ಹಾಗೆಯೇ ಸಾಫ್ಟ್‌ವೇರ್ ಎಂಬಂಥ ಪದಗಳಲ್ಲಿ ಟ ಮತ್ತು ವ ಕೂಡಿ ಒತ್ತಕ್ಷರವಾಗದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಹಾಕಿರುತ್ತಾರೆ. ಅದಿಲ್ಲದೆ ಟೈಪ್ ಮಾಡಿ ಹುಡುಕಿದರೆ ಪದ ಸಿಗುವುದಿಲ್ಲ. ನುಡಿ ಅಥವಾ ಬರಹದ ಯೂನಿಕೋಡ್‌ಪೂರ್ವ ರೂಪದಲ್ಲೇ ಉಳಿದಿರುವ ಫೈಲುಗಳಲ್ಲಂತೂ ಇರುವುದು ಕನ್ನಡದ ಸಂಕೇತಗಳೇ ಅಲ್ಲ.

ನೀವು ಮಾಡಬೇಕಾದದ್ದು ಇಷ್ಟು: ಮೂಲ ಫೈಲುಗಳನ್ನು ಮುಟ್ಟದೆ, ಹುಡುಕಾಟಕ್ಕೆಂದೇ ಒಂದು ಪ್ರತಿಯನ್ನು ತಯಾರಿಸಿಕೊಳ್ಳಿ. ಹಳೆಯವನ್ನು ಮೊದಲು ಯೂನಿಕೋಡ್‌ಗೆ ತಂದು, ಐಸಿಯು ಯೋಜನೆಯ ಯುಕಾನ್ವ್ ಎಂಬ ಸಾಧನದಿಂದ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಏತ್ವದಂಥವು ಒಂದೇ ಸಂಕೇತವಾಗಿರುವ ರೂಪಕ್ಕೆ ತಿರುಗಿಸಿ, ಕಾಣದ ಸಂಕೇತಗಳನ್ನು ತೆಗೆದುಹಾಕಿ. ನೀವು ಹುಡುಕುವ ಪದಕ್ಕೂ ಇದೇ ಸಂಸ್ಕಾರವಾಗಲಿ. ಆಮೇಲೆ ಯಾವ ಸಾಧನವಾದರೂ ಸರಿಯೇ.

ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಅಲಾಕ್ರಿಟಿ ಮತ್ತು ವೆಜ್‌ಟರ್ಮ್ ಎರಡೂ ರಸ್ಟ್‌ನಲ್ಲಿ ಬರೆದ ಟರ್ಮಿನಲ್‌ಗಳು. ವೇಗದ ಹೋಲಿಕೆಗಳಲ್ಲಿ ಅಲಾಕ್ರಿಟಿಯ ಹೆಸರು ಮೊದಲು ಬರುತ್ತದೆ. ಆದರೆ ಅದು ಅಕ್ಷರಗಳನ್ನು ಕೂಡಿಸಿ ಜೋಡಿಸುವ ಕೆಲಸವನ್ನೇ ಮಾಡುವುದಿಲ್ಲ, ಹಾಗಾಗಿ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು ಕಾಣುತ್ತವೆ. ವೆಜ್‌ಟರ್ಮ್ ಈ ಜೋಡಣೆಗೆ ಹಾರ್ಫ್‌ಬಝ್ ಎಂಬ ಲೈಬ್ರರಿಯನ್ನು ಬಳಸುತ್ತದೆ. ಸಮಾನ ಅಗಲದ ಮನೆಗಳಲ್ಲಿ ಅಕ್ಷರ ಕೂರಿಸುವ ಟರ್ಮಿನಲ್‌ನಲ್ಲಿ ಕನ್ನಡ ಪೂರ್ತಿ ಅಂದವಾಗಿ ಬರುವುದಿಲ್ಲವಾದರೂ ಇದರಲ್ಲಿ ಓದಬಹುದು. ಓದಲಾಗದ ಪಠ್ಯವನ್ನು ಎಷ್ಟು ವೇಗವಾಗಿ ತೋರಿಸಿದರೂ ನಿಮಗೆ ಪ್ರಯೋಜನವಿಲ್ಲ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ 4 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರುಗಳಿವೆ. ರಸ್ಟ್ ಸಾಧನಗಳನ್ನು ಅವುಗಳಲ್ಲೇ ಕಂಪೈಲ್ ಮಾಡಿ ಹಾಕಬಹುದೇ? – ಒಬ್ಬ ಶಿಕ್ಷಕರು, ಕಡೂರು ತಾಲ್ಲೂಕು

ಉತ್ತರ: ಮಾಡಬಹುದು, ಆದರೆ ಬೇಡ. ರಸ್ಟ್ ಕಂಪೈಲರಿಗೆ ಸಮಯವೂ ಮೆಮೊರಿಯೂ ಧಾರಾಳವಾಗಿ ಬೇಕು, ದೊಡ್ಡ ಯೋಜನೆಯಾದರೆ ಈ ಯಂತ್ರಗಳು ಏದುಸಿರು ಬಿಡುತ್ತವೆ. ಡೆಬಿಯನ್ ಅಥವಾ ಉಬುಂಟುವಿನ ಭಂಡಾರದಲ್ಲಿರುವ ಸಿದ್ಧ ಪ್ಯಾಕೇಜುಗಳನ್ನೇ ಹಾಕಿಕೊಳ್ಳಿ. ಒಮ್ಮೆ ಕಂಪೈಲ್ ಆದ ಪ್ರೋಗ್ರಾಂ ಹಳೆಯ ಯಂತ್ರದಲ್ಲೂ ಚುರುಕಾಗಿ ಓಡುತ್ತದೆ. ಅಲ್ಲಿ ಫೈಲುಗಳನ್ನು ಹೆಸರಿನಿಂದ ಹುಡುಕುವ ಎಫ್‌ಡಿ ಎಂಬ ಸಾಧನದ ಆಜ್ಞೆ ಎಫ್‌ಡಿಫೈಂಡ್ ಎಂದೂ, ಫೈಲಿನಲ್ಲಿರುವುದನ್ನು ತೋರಿಸುವ ಬ್ಯಾಟ್ ಎಂಬುದರದ್ದು ಬ್ಯಾಟ್‌ಕ್ಯಾಟ್ ಎಂದೂ ಬದಲಾಗಿರುತ್ತದೆ, ಏಕೆಂದರೆ ಆ ಹೆಸರುಗಳನ್ನು ಬೇರೆ ಪ್ಯಾಕೇಜುಗಳು ಮೊದಲೇ ಹಿಡಿದಿದ್ದವು. ಮಕ್ಕಳಿಗೆ ಇದನ್ನು ಮುಂಚೆಯೇ ಹೇಳಿಬಿಡಿ.

ಪ್ರಶ್ನೆ: ಕಾಲೇಜೊಂದರ ಸರ್ವರುಗಳನ್ನು ನೋಡಿಕೊಳ್ಳುತ್ತೇನೆ. ಉಬುಂಟು 25.10ರಲ್ಲಿ ಸುಡೊ ಮತ್ತು ಕೋರ್‌ಯುಟಿಲ್ಸ್ ಎರಡನ್ನೂ ರಸ್ಟ್‌ನವಕ್ಕೆ ಬದಲಿಸಿದ್ದಾರೆ. ನಾವೂ ಬದಲಿಸಬೇಕೆ? ಹಳೆಯದನ್ನು ಇಟ್ಟುಕೊಂಡರೆ ಅಪಾಯವೇ? – ಒಬ್ಬ ಸಿಸ್ಟಂ ಅಡ್ಮಿನ್, ಚಿಕ್ಕಮಗಳೂರು

ಉತ್ತರ: ಎರಡನ್ನೂ ಒಟ್ಟಿಗೆ ಕೇಳಿದ್ದೀರಿ, ಆದರೆ ಉತ್ತರ ಬೇರೆ ಬೇರೆ.

ಸುಡೊ ಎಂಬುದು ಸಾಮಾನ್ಯ ಬಳಕೆದಾರನಿಗೆ ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರ ಕೊಡುವ ಬಾಗಿಲು. ಅಲ್ಲಿ ಒಂದು ಬಿರುಕಿದ್ದರೂ ಇಡೀ ಯಂತ್ರ ಪರರ ಪಾಲು. 2021ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆಯವರು ಬಯಲಿಗೆ ತಂದ ದೋಷವನ್ನು ನೆನಪಿಸಿಕೊಳ್ಳಿ. ಆಜ್ಞೆಯ ಕೊನೆಯಲ್ಲಿ ಒಂಟಿ ಹಿಂಬಾಗಿದ ಗೆರೆಯೊಂದು ಬಂದರೆ ಸುಡೊ ತನಗೆ ಮೀಸಲಿಟ್ಟ ಮೆಮೊರಿಯ ಗಡಿಯನ್ನು ದಾಟಿ ಬರೆಯುತ್ತಿತ್ತು, ಸುಡೊ ಬಳಸುವ ಅನುಮತಿಯೇ ಇಲ್ಲದವರೂ ಅದರಿಂದ ರೂಟ್ ಆಗಬಹುದಿತ್ತು. ಈ ತಪ್ಪು 2011ರಿಂದ ಅಲ್ಲೇ ಕುಳಿತಿತ್ತು. ಎಷ್ಟೋ ಜನ ಓದಿದ, ಹಲವು ದಶಕಗಳ ಕಾಳಜಿಯಿಂದ ಬೆಳೆಸಿದ ಕೋಡ್‌ನಲ್ಲೇ ಹೀಗಾಯಿತು ಎಂಬುದು ಯೋಚಿಸಬೇಕಾದ ಸಂಗತಿ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಉತ್ಪನ್ನಗಳ ಭದ್ರತಾ ದೋಷಗಳಲ್ಲಿ ಸುಮಾರು 70 ಪ್ರತಿಶತ ಮೆಮೊರಿಗೆ ಸಂಬಂಧಿಸಿದವು ಎಂದು ಹೇಳಿತು. ಮರುವರ್ಷ ಕ್ರೋಮಿಯಂ ಯೋಜನೆಯೂ ತನ್ನ ಗಂಭೀರ ದೋಷಗಳ ಬಗ್ಗೆ ಹೆಚ್ಚುಕಡಿಮೆ ಅದೇ ಪ್ರಮಾಣವನ್ನು ಕೊಟ್ಟಿತು. ಈ ವರ್ಗದ ದೋಷವನ್ನು ಮನುಷ್ಯರ ಎಚ್ಚರಿಕೆಗೆ ಬಿಡದೆ ಕಂಪೈಲರಿಗೆ ಒಪ್ಪಿಸುವುದು ರಸ್ಟ್‌ನ ನಿಜವಾದ ಕೊಡುಗೆ. ಆದ್ದರಿಂದ ಸುಡೊದಂಥ ಜಾಗದಲ್ಲಿ ಬದಲಾವಣೆಗೆ ಗಟ್ಟಿ ಕಾರಣವಿದೆ ಎಂದು ನಾನು ನಂಬುತ್ತೇನೆ.

ಆದರೂ ರಸ್ಟ್‌ನಲ್ಲಿ ಬರೆದ ಹೊಸ ಸುಡೊ ಆದ ಸುಡೊ-ಆರ್‌ಎಸ್‌ನ ಬಲ ಬರೀ ಭಾಷೆಯಿಂದ ಬಂದದ್ದಲ್ಲ. 2025ರಲ್ಲಿ ಮೂಲ ಸುಡೊದ ಸಿಎಚ್‌ರೂಟ್ ಆಯ್ಕೆಯಲ್ಲಿ ಇನ್ನೊಂದು ಗಂಭೀರ ದೋಷ ಸಿಕ್ಕಿತು. ಅದು ಮೆಮೊರಿಯದ್ದಲ್ಲ, ತರ್ಕದ್ದು, ರಸ್ಟ್‌ನಲ್ಲಿ ಬರೆದಿದ್ದರೂ ಬರಬಹುದಾದದ್ದು. ಸುಡೊ-ಆರ್‌ಎಸ್‌ಗೆ ಅದು ತಟ್ಟಲಿಲ್ಲ, ಏಕೆಂದರೆ ಆ ಆಯ್ಕೆಯೇ ಅದರಲ್ಲಿರಲಿಲ್ಲ. ಅಪರೂಪಕ್ಕೆ ಬಳಕೆಯಾಗುವ ಸೌಲಭ್ಯಗಳನ್ನು ಉದ್ದೇಶಪೂರ್ವಕವಾಗಿ ಕೈಬಿಟ್ಟದ್ದು ಅಲ್ಲಿ ಕಾಪಾಡಿತು. ಇತ್ತ ಅದೇ ವರ್ಷದ ನವೆಂಬರ್‌ನಲ್ಲಿ ಸುಡೊ-ಆರ್‌ಎಸ್‌ನಲ್ಲೂ ಒಂದು ತರ್ಕದ ದೋಷ ಹೊರಬಂತು: ಪಾಸ್‌ವರ್ಡನ್ನು ಅರ್ಧ ಟೈಪ್ ಮಾಡಿ ಸುಮ್ಮನಿದ್ದು, ಅವಧಿ ಮುಗಿದರೆ, ಟೈಪ್ ಮಾಡಿದ ಅರ್ಧ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಿತ್ತು. ನಿಮ್ಮ ಕಾಲೇಜಿನಲ್ಲಿ ಸುಡೊ ನಿಯಮಗಳನ್ನು ಎಲ್‌ಡ್ಯಾಪ್ ಡೈರೆಕ್ಟರಿಯಲ್ಲಿ ಇಟ್ಟಿದ್ದರೆ ಹೊಸದು ನಿಮಗೆ ಒಗ್ಗುವುದಿಲ್ಲ. ಮೊದಲು, ಯಾರಿಗೆ ಯಾವ ಅಧಿಕಾರ ಎಂದು ಬರೆದಿಟ್ಟಿರುವ ನಿಮ್ಮ ಸುಡೊಯರ್ಸ್ ಫೈಲನ್ನು ತೆರೆದು, ಅದರಲ್ಲಿರುವ ಒಂದೊಂದು ಸಾಲನ್ನೂ ಹೊಸದು ಒಪ್ಪುತ್ತದೆಯೇ ಎಂದು ಪರೀಕ್ಷಾ ಯಂತ್ರದಲ್ಲಿ ನೋಡಿ.

ಕೋರ್‌ಯುಟಿಲ್ಸ್ ವಿಷಯದಲ್ಲಿ ನನಗೆ ಅಷ್ಟು ಆತುರ ಕಾಣುವುದಿಲ್ಲ. ಫೈಲುಗಳನ್ನು ಪಟ್ಟಿಮಾಡುವ, ನಕಲಿಸುವ, ವಿಂಗಡಿಸುವ ಗ್ನು ಆಜ್ಞೆಗಳು ಸುಡೊದ ಹಾಗೆ ವಿಶೇಷ ಅಧಿಕಾರ ಹಂಚುವ ಬಾಗಿಲುಗಳಲ್ಲ. ಅವುಗಳ ಬೆಲೆ ಇರುವುದು, ಸಾವಿರಾರು ಸ್ಕ್ರಿಪ್ಟುಗಳು ಅವುಗಳ ಒಂದೊಂದು ವಿವರವನ್ನೂ ನಂಬಿಕೊಂಡಿರುವುದರಲ್ಲಿ. ಇವನ್ನು ರಸ್ಟ್‌ನಲ್ಲಿ ಬರೆಯುತ್ತಿರುವ, 2013ರಲ್ಲಿ ಆರಂಭವಾದ ಯುಯುಟಿಲ್ಸ್ ತಂಡ ಗ್ನು ಯೋಜನೆಯದೇ ಪರೀಕ್ಷೆಗಳನ್ನು ತನ್ನ ಕೋಡ್‌ನ ಮೇಲೆ ಓಡಿಸಿ ಹೊಂದಾಣಿಕೆಯನ್ನು ಅಳೆಯುತ್ತಾ ಬಂದಿದೆ, ಇದು ನಿಜಕ್ಕೂ ಮೆಚ್ಚಬೇಕಾದ ಶಿಸ್ತು. ಅಷ್ಟಿದ್ದೂ ಉಬುಂಟು 25.10 ಬಂದ ಹೊಸತರಲ್ಲಿ ಡೇಟ್ ಆಜ್ಞೆಯ ಒಂದು ಆಯ್ಕೆ ತಪ್ಪಿತು. ಫೈಲು ಕೊನೆಯ ಸಲ ಬದಲಾದ ಸಮಯವನ್ನು ಹೇಳಬೇಕಾದಲ್ಲಿ ಅದು ಯಾವ ತಕರಾರೂ ಇಲ್ಲದೆ ಆಗಿನ ಸಮಯವನ್ನು ಹೇಳುತ್ತಿತ್ತು. ಇದರಿಂದ ಕೆಲವು ಯಂತ್ರಗಳಲ್ಲಿ ಸ್ವಯಂಚಾಲಿತ ಅಪ್‌ಡೇಟ್ ತಪಾಸಣೆಯೇ ನಿಂತುಹೋಯಿತು. ಬೇಗ ಸರಿಪಡಿಸಿದರು ನಿಜ, ಆದರೆ ಮೆಮೊರಿ ಸುರಕ್ಷಿತವಾದ ಪ್ರೋಗ್ರಾಂ ಒಂದು ತಪ್ಪು ಉತ್ತರ ಕೊಟ್ಟು ಭದ್ರತಾ ಅಪ್‌ಡೇಟುಗಳನ್ನೇ ತಡೆಯಬಹುದು ಎಂಬುದನ್ನು ಈ ಪ್ರಸಂಗ ತೋರಿಸಿತು. ನಿಮ್ಮ ಬ್ಯಾಕಪ್ ಸ್ಕ್ರಿಪ್ಟುಗಳು ಫೈಲಿನ ದಿನಾಂಕ ನೋಡಿ ಹಳೆಯದನ್ನು ಅಳಿಸುವ ಬಗೆಯವಾಗಿದ್ದರೆ, ಇಂಥ ತಪ್ಪಿನ ಪರಿಣಾಮವನ್ನು ನೀವೇ ಊಹಿಸಿಕೊಳ್ಳಿ.

25.10 ಒಂಬತ್ತು ತಿಂಗಳು ಮಾತ್ರ ಬೆಂಬಲವಿರುವ ಆವೃತ್ತಿ, ಕಾಲೇಜಿನ ಸರ್ವರಿಗೆ ಹೇಳಿ ಮಾಡಿಸಿದ್ದಲ್ಲ. ದೀರ್ಘ ಬೆಂಬಲದ ಆವೃತ್ತಿಯಲ್ಲೇ ಇದ್ದು, ಅಪ್‌ಡೇಟುಗಳನ್ನು ತಪ್ಪದೆ ಹಾಕುತ್ತಾ, ನಿಮ್ಮ ಸ್ಕ್ರಿಪ್ಟುಗಳನ್ನು ಹೊಸದರ ಮೇಲೆ ಬದಿಯಲ್ಲೊಂದು ಯಂತ್ರದಲ್ಲಿ ಓಡಿಸಿ ನೋಡುತ್ತಿರಿ. ಅಪ್‌ಡೇಟ್ ಹಾಕದ ರಸ್ಟ್ ಸುಡೊಗಿಂತ, ಅಪ್‌ಡೇಟ್ ಹಾಕಿದ ಸಿ ಸುಡೊ ಮೇಲು.

ಪ್ರಶ್ನೆ: ಕಾಫಿ ತೋಟಗಳ ಮಳೆ ಲೆಕ್ಕ, ಆಳುಗಳ ಹಾಜರಿ ಇಟ್ಟುಕೊಳ್ಳಲು ನಾವಿಬ್ಬರು ಗೆಳೆಯರು ಒಂದು ಸಣ್ಣ ತಂತ್ರಾಂಶ ಬರೆಯುತ್ತಿದ್ದೇವೆ. ರಸ್ಟ್ ಕಲಿತಿದ್ದೇವೆ. ಅದರ ವೆಬ್ ಭಾಗ ಕಟ್ಟಲು ಆಕ್ಟಿಕ್ಸ್ ಚೌಕಟ್ಟು ಒಳ್ಳೆಯದೋ ಆಕ್ಸಂ ಒಳ್ಳೆಯದೋ? ಗಿಟ್‌ಹಬ್‌ನಲ್ಲಿ ಹೆಚ್ಚು ನಕ್ಷತ್ರ ಇರುವುದನ್ನು ಆರಿಸಿದರೆ ಸಾಕೆ? ಡೇಟಾಬೇಸ್ ಕೂಡ ರಸ್ಟ್‌ನದ್ದೇ ಇರಲಿ ಎಂದುಕೊಂಡಿದ್ದೇವೆ. – ಇಬ್ಬರು ಯುವಕರು, ಮೂಡಿಗೆರೆ

ಉತ್ತರ: ನಕ್ಷತ್ರಗಳು ಎಷ್ಟು ಜನ ಒಮ್ಮೆ ಮೆಚ್ಚಿದರು ಎಂದು ಹೇಳುತ್ತವೆ, ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳುವುದಿಲ್ಲ. ನಿಮ್ಮ ತಂತ್ರಾಂಶ ತೋಟದ ಆಫೀಸಿನಲ್ಲಿ ಎಷ್ಟೋ ವರ್ಷ ಓಡಬೇಕಾದದ್ದು, ಹಾಗಾಗಿ ಎರಡನೆಯ ಪ್ರಶ್ನೆಯೇ ನಿಮಗೆ ಮುಖ್ಯ.

ಒಂದಕ್ಕಾಗಿ ಇನ್ನೊಂದು ಕಾಯದಂತೆ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸಲು ನೆರವಾಗುವ ಅಸಿಂಕ್-ಎಸ್‌ಟಿಡಿ ಎಂಬ ಲೈಬ್ರರಿ 2019ರಲ್ಲಿ ಬಹಳ ಭರವಸೆಯೊಂದಿಗೆ ಬಂದಿತ್ತು. 2025ರಲ್ಲಿ ಅದನ್ನು ನಿಲ್ಲಿಸಲಾಗಿದೆ ಎಂದು ಅದರ ತಂಡವೇ ಘೋಷಿಸಿ, ಸ್ಮಾಲ್ ಎಂಬ ಇನ್ನೊಂದಕ್ಕೆ ಹೋಗಿ ಎಂದಿತು. ಅದನ್ನು ನಂಬಿ ಬರೆದವರು ಕೋಡನ್ನು ಮತ್ತೆ ತಿದ್ದಬೇಕಾಯಿತು. ಆಕ್ಟಿಕ್ಸ್‌ನದು ಬೇರೆ ಕಥೆ. ಕಂಪೈಲರಿನ ಕಾವಲನ್ನು ಬದಿಗಿಟ್ಟು ಬರೆಯಲು ರಸ್ಟ್‌ನಲ್ಲಿ ಅನ್‌ಸೇಫ್ ಎಂಬ ಗುರುತಿನ ವಿಭಾಗವಿದೆ. ಆಕ್ಟಿಕ್ಸ್‌ನಲ್ಲಿ ಅದರ ಬಳಕೆ ಹೆಚ್ಚಾಯಿತು ಎಂಬ ಟೀಕೆ ಕಟುವಾಗಿ, ಕೆಲವೆಡೆ ವೈಯಕ್ತಿಕವಾಗಿ ತಿರುಗಿ, 2020ರ ಜನವರಿಯಲ್ಲಿ ಮೂಲ ಲೇಖಕರು ಯೋಜನೆಯನ್ನೇ ಬಿಟ್ಟು ಹೊರನಡೆದರು. ಪುಕ್ಕಟೆಯಾಗಿ ದುಡಿದವರನ್ನು ಆ ರೀತಿ ನಡೆಸಿಕೊಂಡದ್ದು ನನಗೆ ಈಗಲೂ ನೋವಿನ ಸಂಗತಿ. ಆದರೆ ಹೊಣೆ ಇನ್ನೊಬ್ಬರ ಕೈಗೆ ಹೋಗಿ ಯೋಜನೆ ಮುಂದುವರಿಯಿತು, ಇಂದಿಗೂ ಗಟ್ಟಿಯಾಗಿದೆ. ಆಕ್ಸಂ 2021ರಲ್ಲಿ, ಅಸಿಂಕ್-ಎಸ್‌ಟಿಡಿಯ ಕೆಲಸವನ್ನೇ ಮಾಡುವ ಟೋಕಿಯೊ ಎಂಬ ಲೈಬ್ರರಿಯ ತಂಡದಿಂದಲೇ ಬಂದದ್ದು. ನಿಮ್ಮ ಅಗತ್ಯಕ್ಕೆ ಎರಡರ ವೇಗವೂ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಹೊಸದಾಗಿ ಶುರುಮಾಡುವವರಿಗೆ ನಾನು ಆಕ್ಸಂ ಹೇಳುತ್ತೇನೆ, ಏಕೆಂದರೆ ಟೋಕಿಯೊ ಸುತ್ತಲಿನ ಉಳಿದ ಲೈಬ್ರರಿಗಳೊಂದಿಗೆ ಅದು ಸಲೀಸಾಗಿ ಹೊಂದುತ್ತದೆ.

ಯಾವುದನ್ನು ಆರಿಸಿದರೂ ಅದರ ಬೆನ್ನಿಗೆ ಬರುವ ಲೈಬ್ರರಿಗಳನ್ನು ನೋಡಿ. ರಸ್ಟ್‌ನಲ್ಲಿ ಲೈಬ್ರರಿಗಳನ್ನು ತಂದು ಜೋಡಿಸುವ ಸಾಧನವಾದ ಕಾರ್ಗೋದ ಟ್ರೀ ಆಜ್ಞೆ ಕೊಟ್ಟರೆ ಪೂರ್ತಿ ವಂಶವೃಕ್ಷ ಕಾಣುತ್ತದೆ. ಸಣ್ಣ ವೆಬ್ ಪ್ರೋಗ್ರಾಂನಲ್ಲೂ ಅದು ನೂರರ ಗಡಿ ದಾಟುವುದು ಸಾಮಾನ್ಯ. ಕಾರ್ಗೋ-ಆಡಿಟ್ ಎಂಬ ಸಾಧನ ಅವುಗಳಲ್ಲಿ ಭದ್ರತಾ ದೋಷ ದಾಖಲಾಗಿರುವುದು ಯಾವುದು, ಕೈಬಿಟ್ಟದ್ದು ಯಾವುದು ಎಂದು ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಿ ಲೈಬ್ರರಿಯಲ್ಲಿ ಕಳ್ಳಬಾಗಿಲು ಸಿಕ್ಕದ್ದು ನಿಮಗೆ ಗೊತ್ತಿರಬಹುದು. ಬಹುಮಟ್ಟಿಗೆ ಒಬ್ಬರೇ ದಣಿದು ನಡೆಸುತ್ತಿದ್ದ ಯೋಜನೆಗೆ ಸಹಾಯಕರಾಗಿ ಬಂದವರು ವರ್ಷಗಟ್ಟಲೆ ವಿಶ್ವಾಸ ಗಳಿಸಿ ಅದನ್ನು ಒಳಗಿಟ್ಟಿದ್ದರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿನಿಂದ ಅದು ಬಯಲಾಯಿತು. ಅಂಥ ದ್ರೋಹವನ್ನು ರಸ್ಟ್ ಕಂಪೈಲರೂ ಹಿಡಿಯುವುದಿಲ್ಲ. ಆದ್ದರಿಂದ ಬದಲಾವಣೆಗಳನ್ನು ಒಪ್ಪುವವರು ಒಬ್ಬರೇ ಅಥವಾ ಹಲವರೇ, ಬಿಡಿಸದ ದೋಷಗಳಿಗೆ ಉತ್ತರ ಬರುತ್ತಿದೆಯೇ ಎಂದು ಆರು ತಿಂಗಳ ಹಿಂದಿನ ದೋಷ ವರದಿಗಳನ್ನು ತೆರೆದು ಓದಿ. ಯೋಜನೆಯ ಆರೋಗ್ಯ ಗೊತ್ತಾಗುವುದು ಅಲ್ಲಿ.

ಡೇಟಾಬೇಸ್ ವಿಷಯದಲ್ಲಿ ನಿಮ್ಮ ನಿರ್ಧಾರವನ್ನು ಬದಲಿಸಲು ಕೇಳಿಕೊಳ್ಳುತ್ತೇನೆ. ಎಸ್‌ಕ್ಯೂಲೈಟ್ ಸಿ ಭಾಷೆಯದು, 2000ದಿಂದ ಇದೆ, ಸಣ್ಣ ತಂಡದ್ದು. ಆದರೆ ಅದರ ಪರೀಕ್ಷೆಗಳು ಕೋಡ್‌ನ ಪ್ರತಿಯೊಂದು ಕವಲನ್ನೂ ಮುಟ್ಟುತ್ತವೆ, ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಏನಾಗುತ್ತದೆ ಎಂಬುದನ್ನೂ ಅನುಕರಿಸಿ ನೋಡುತ್ತವೆ. ಇಂದಿನ ಫೈಲುಗಳನ್ನು 2050ರವರೆಗೂ ಓದಬಹುದಾದಂತೆ ನಡೆಸಿಕೊಂಡು ಹೋಗುವುದು ಆ ತಂಡದ ಸಂಕಲ್ಪ. ಅದನ್ನೇ ರಸ್ಟ್‌ನಲ್ಲಿ ಹೊಸದಾಗಿ ಬರೆಯುವ ಪ್ರಯತ್ನವೂ ನಡೆದಿದೆ, ಮೊದಲು ಲಿಂಬೊ ಎಂದಿದ್ದ ಅದರ ಹೆಸರು ಈಗ ಟರ್ಸೊ. ಅದನ್ನು ಕುತೂಹಲದಿಂದ ಗಮನಿಸಿ, ಕೈಲಾದರೆ ನೆರವಾಗಿ. ಆದರೆ ಜುಲೈ ತಿಂಗಳ ಮೂಡಿಗೆರೆಯಲ್ಲಿ ಕರೆಂಟು ಹೋಗುವ ಬಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇಂಚು, ಸೆಂಟ್ ಲೆಕ್ಕದಲ್ಲಿ ದಿನವೂ ಬರೆದಿಟ್ಟ ಮಳೆಯ ದಾಖಲೆ ಒಮ್ಮೆ ಕಳೆದುಹೋದರೆ ಮತ್ತೆ ಅಳೆಯಲು ಬರುವುದಿಲ್ಲ. ವೆಬ್ ಭಾಗ ರಸ್ಟ್‌ನಲ್ಲಿರಲಿ, ದಾಖಲೆ ಎಸ್‌ಕ್ಯೂಲೈಟ್‌ನಲ್ಲಿರಲಿ. ಎರಡನ್ನೂ ಬೆಸೆಯುವ ಒಳ್ಳೆಯ ಲೈಬ್ರರಿಗಳು ರಸ್ಟ್‌ನಲ್ಲಿವೆ.

ಪ್ರಶ್ನೆ: ಇಂಥ ಮುಕ್ತ ಲೈಬ್ರರಿಗಳನ್ನು ಸೇರಿಸಿದ ತಂತ್ರಾಂಶವನ್ನು ದುಡ್ಡಿಗೆ ಮಾರಬಹುದೇ? – ಒಬ್ಬ ಓದುಗರು, ಸಕಲೇಶಪುರ

ಉತ್ತರ: ಮಾರಬಹುದು. ರಸ್ಟ್ ಲೋಕದ ಬಹುಪಾಲು ಲೈಬ್ರರಿಗಳು ಎಂಐಟಿ ಅಥವಾ ಅಪಾಚೆ 2.0 ಲೈಸೆನ್ಸಿನಡಿ ಇವೆ. ಅವು ನಿಮ್ಮ ಕೋಡನ್ನು ಬಹಿರಂಗಪಡಿಸಿ ಎನ್ನುವುದಿಲ್ಲ, ಮೂಲ ಲೇಖಕರ ಹಕ್ಕು ಸೂಚನೆಯನ್ನು ಉಳಿಸಿಕೊಳ್ಳಿ ಎನ್ನುತ್ತವೆ. ಗ್ನು ಕೋರ್‌ಯುಟಿಲ್ಸ್‌ನಂಥವು ಜಿಪಿಎಲ್ ಅಡಿಯಲ್ಲಿವೆ. ಅವನ್ನು ತಿದ್ದಿ ಇತರರಿಗೆ ಕೊಟ್ಟರೆ, ಪಡೆದವರಿಗೆ ತಿದ್ದಿದ ಮೂಲ ಕೋಡನ್ನೂ ಕೊಡಬೇಕು. ಯುಯುಟಿಲ್ಸ್ ಎಂಐಟಿಯನ್ನು ಆರಿಸಿಕೊಂಡದ್ದರ ಬಗ್ಗೆ ಇರುವ ಮುಖ್ಯ ಆಕ್ಷೇಪವೂ ಇದೇ: ಅದನ್ನು ತಿದ್ದಿದ ಕಂಪನಿಗಳು ಸಮುದಾಯಕ್ಕೆ ಏನನ್ನೂ ಹಿಂದಿರುಗಿಸಬೇಕಾಗಿಲ್ಲ. ಆ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ನಿಮ್ಮ ಮಟ್ಟಿಗೆ, ಕಾರ್ಗೋ-ಡೆನಿ ಎಂಬ ಸಾಧನದಲ್ಲಿ ನಿಮಗೆ ಒಪ್ಪಿಗೆಯಾದ ಲೈಸೆನ್ಸುಗಳ ಪಟ್ಟಿಯನ್ನು ಬರೆದಿಡಿ. ಅದಕ್ಕೆ ಹೊರತಾದ ಲೈಬ್ರರಿ ಎಲ್ಲಿಂದಲಾದರೂ ನುಸುಳಿದರೆ ಅದು ತಿಳಿಸುತ್ತದೆ. ಗಿರಾಕಿಗೆ ತಂತ್ರಾಂಶ ಕೊಡುವಾಗ ಆ ಲೈಸೆನ್ಸುಗಳ ಪೂರ್ಣ ಪಠ್ಯವಿರುವ ಒಂದು ಫೈಲನ್ನು ಜೊತೆಗಿಡಿ.